ಲ್ಯಾಮಿನೇಟ್ ಕಟ್ಟೆಯ ಮೇಲೆ ಅರಿಶಿನದ ಕಲೆ: ಯಾವ ಬಾಟಲಿಗೆ ದುಡ್ಡು ಕೊಡಬಹುದು, ಯಾವುದು ಬೇಡ

ಅಮೆರಿಕದ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕಟ್ಟೆ ಎಂದರೆ ಬಹಳ ಕಡೆ ಇನ್ನೂ ಲ್ಯಾಮಿನೇಟ್. ಬಿಳಿ, ಕೆನೆಬಣ್ಣ, ಇಲ್ಲವೇ ಕಲ್ಲಿನ ಚುಕ್ಕೆಗಳಂತೆ ಮುದ್ರಿಸಿದ ತಿಳಿ ಬೂದು. ಅದರ ಮೇಲೆ ಹುಳಿಯ ಸೌಟು ಒಂದು ನಿಮಿಷ ಇಟ್ಟರೆ ಸಾಕು, ಸೌಟಿನ ಆಕಾರದ ಹಳದಿ ಗುರುತು ಉಳಿಯುತ್ತದೆ. ಮನೆ ಬಿಡುವ ತಿಂಗಳಲ್ಲಿ ಡಿಪಾಸಿಟ್ ನೆನಪಾಗಿ ಅಂಗಡಿಯ ಕ್ಲೀನಿಂಗ್ ಸಾಲಿನಿಂದ ಕೈಗೆ ಸಿಕ್ಕ ಬಾಟಲಿಗಳನ್ನೆಲ್ಲ ತಂದು ಸುರಿಯುವವರು ಬಹಳ. ಅವುಗಳಲ್ಲಿ ಹೆಚ್ಚಿನವು ಈ ಕಲೆಗೆ ಕೆಲಸ ಮಾಡುವುದಿಲ್ಲ, ಕೆಲವು ಕಟ್ಟೆಯನ್ನೇ ಹಾಳುಮಾಡುತ್ತವೆ. ಇಲ್ಲಿ ಒಂಬತ್ತು ಸಾಮಾನುಗಳನ್ನು ಒಂದೊಂದಾಗಿ ನೋಡಿದ್ದೇವೆ: ರಬ್ಬಿಂಗ್ ಆಲ್ಕೊಹಾಲ್, ಹೈಡ್ರೋಜನ್ ಪೆರಾಕ್ಸೈಡ್, ಪಾತ್ರೆ ತೊಳೆಯುವ ಲಿಕ್ವಿಡ್, ಬೇಕಿಂಗ್ ಸೋಡ, ವಿನಿಗರ್, ಮ್ಯಾಜಿಕ್ ಎರೇಸರ್, ಬ್ಲೀಚ್, ಬಾರ್ ಕೀಪರ್ಸ್ ಫ್ರೆಂಡ್, ನೇಲ್ ಪಾಲಿಶ್ ರಿಮೂವರ್.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅರಿಶಿನಕ್ಕೆ ರಬ್ಬಿಂಗ್ ಆಲ್ಕೊಹಾಲ್ ಮೊದಲು, ಉಳಿದಿದ್ದಕ್ಕೆ ಶೇ. 3ರ ಪೆರಾಕ್ಸೈಡ್. ಎರಡೂ ಸೇರಿ ಐದಾರು ಡಾಲರ್ ಒಳಗೇ ಮುಗಿಯುತ್ತದೆ, ಎರಡೂ ಸಿಗುವುದು ಫಾರ್ಮಸಿ ಸಾಲಿನಲ್ಲಿ, ಕ್ಲೀನಿಂಗ್ ಸಾಲಿನಲ್ಲಿ ಅಲ್ಲ.

ಊರಿನ ಅಡುಗೆಮನೆಯಲ್ಲಿ ಕಟ್ಟೆ ಎಂದರೆ ಗ್ರಾನೈಟು ಅಥವಾ ಕಡಪ ಕಲ್ಲು. ಒಂದು ಚೊಂಬು ನೀರು ಸುರಿದು, ನಾರು ಹಾಕಿ ತಿಕ್ಕಿ, ಬಟ್ಟೆಯಲ್ಲಿ ಎಳೆದರೆ ಆಯಿತು. ಲ್ಯಾಮಿನೇಟಿಗೆ ಆ ಅಭ್ಯಾಸದ ಒಂದೊಂದು ಹೆಜ್ಜೆಯೂ ಶತ್ರು. ಅದು ಕಲ್ಲಲ್ಲ, ಕಾಗದ. ದಪ್ಪ ಕಂದು ಕಾಗದದ ಪದರಗಳಿಗೆ ಫೀನಾಲಿಕ್ ರಾಳ ಕುಡಿಸಿ, ಮೇಲೆ ಬಣ್ಣ ಮುದ್ರಿಸಿದ ಒಂದು ಹಾಳೆ ಇಟ್ಟು, ಅದಕ್ಕೆ ಮೆಲಮೈನ್ ರಾಳ ಕುಡಿಸಿ, ಬಿಸಿ ಪ್ರೆಸ್ಸಿನಲ್ಲಿ ಭಾರೀ ಒತ್ತಡ ಕೊಟ್ಟು ಒಂದಾಗಿಸಿದ ಹಾಳೆ ಅದು. ಅಡುಗೆ ಕಟ್ಟೆಗೆ ಬಳಸುವ ಹಾಳೆಯ ದಪ್ಪ ಸುಮಾರು 1.2 ಮಿಲಿಮೀಟರ್. ಅದರ ಕೆಳಗಿರುವುದು ಮರದ ಚೂರನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್. ಫಾರ್ಮೈಕಾ ಎಂಬ ಲ್ಯಾಮಿನೇಟ್ ಬ್ರ್ಯಾಂಡಿನ ಹೆಸರಿನ ಕಥೆಯೂ ಇದನ್ನೇ ಹೇಳುತ್ತದೆ: ವಿದ್ಯುತ್ ಉಪಕರಣಗಳಲ್ಲಿ ಮೈಕಾ ಎಂಬ ಖನಿಜದ (ಅಭ್ರಕ) ಬದಲಿಗೆ ಬಳಸಲೆಂದು 1913ರ ಹೊತ್ತಿಗೆ ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ರೂಪಿಸಿದ ವಸ್ತು ಅದು. ನಮ್ಮಲ್ಲಿ ಅದೇ ಜಾತಿಯ ಹಾಳೆಗೆ ಸನ್‌ಮೈಕಾ ಎಂಬ ಬ್ರ್ಯಾಂಡಿನ ಹೆಸರೇ ಅಂಟಿಕೊಂಡಿದೆ. ಬೆಂಗಳೂರಿನ ಮಾಡ್ಯುಲರ್ ಕಿಚನ್ನಿನ ಬಾಗಿಲು, ಮಕ್ಕಳ ಓದುವ ಮೇಜು, ಹೋಟೆಲಿನ ಟೇಬಲ್ಲು ಎಲ್ಲ ಇದೇ. ಹಾಗಾಗಿ ಇಲ್ಲಿ ಹೇಳುವುದು ಅಲ್ಲಿಗೂ ಒಪ್ಪುತ್ತದೆ.

ಮೇಲಿನ ಮೆಲಮೈನ್ ಪದರ ಗಾಜಿನಂತೆ ಮುಚ್ಚಿಕೊಂಡಿರುತ್ತದೆ, ಸರಿಯಾಗಿದ್ದಾಗ ಬಣ್ಣ ಒಳಗಿಳಿಯಲು ಬಿಡುವುದಿಲ್ಲ. ಕಲೆ ಕೂರುವುದು ಎರಡು ಕಡೆ. ಒಂದು, ಚಾಕು ಮತ್ತು ಒರಟು ಸ್ಕ್ರಬ್ಬರ್ ಮಾಡಿದ ಕಣ್ಣಿಗೆ ಕಾಣದ ಗೀರುಗಳಲ್ಲಿ. ಇನ್ನೊಂದು, ಮ್ಯಾಟ್ ಅಥವಾ ತರಿತರಿ ಫಿನಿಶ್ ಇದ್ದರೆ ಅದರ ಕುಳಿಗಳಲ್ಲಿ. ಕಲೆ ಎಲ್ಲಿ ಕೂತಿದೆ ಎಂದು ತಿಳಿಯದೆ ಬಾಟಲಿ ಕೊಂಡರೆ ಪ್ರಯೋಜನವಿಲ್ಲ.

ಅದಕ್ಕೆ ಮೊದಲು ಒಂದು ಪರೀಕ್ಷೆ. ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಕಟ್ಟೆಗೆ ತಾಗಿಸಿ, ಬೆಳಕು ಮೇಲ್ಮೈ ಉದ್ದಕ್ಕೂ ಅಡ್ಡಲಾಗಿ ಹರಿಯುವಂತೆ ಹಿಡಿಯಿರಿ. ಕಲೆಯ ಜಾಗದಲ್ಲಿ ಹೊಳಪು ಸತ್ತು ಬೂದಿ ಬಳಿದಂತೆ ಕಂಡರೆ ಅದು ಸವೆತ. ಬೆರಳಲ್ಲಿ ನೀರು ಸವರಿ ನೋಡಿ: ಒದ್ದೆಯಿದ್ದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಅಲ್ಲಿ ತೆಗೆಯಲು ಬಣ್ಣವೇ ಇಲ್ಲ, ಮೇಲ್ಮೈ ಕೆರೆದುಹೋಗಿದೆ. ಯಾವ ಕ್ಲೀನರಿಗೂ ಅದು ಬಗ್ಗುವುದಿಲ್ಲ. ಒದ್ದೆಯಾದರೂ ಹಳದಿ ಹಾಗೇ ಇದ್ದರೆ ಮಾತ್ರ ಮುಂದಿನದು ಓದಿ.

ರಬ್ಬಿಂಗ್ ಆಲ್ಕೊಹಾಲ್. ಐದಕ್ಕೆ ಐದು ಅಂಕ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಎಣ್ಣೆಯಲ್ಲಿ, ಆಲ್ಕೊಹಾಲಿನಲ್ಲಿ, ಅಸಿಟೋನಿನಲ್ಲಿ ಕರಗುತ್ತದೆ. ಒಗ್ಗರಣೆ ಸಿಡಿದ ಕಲೆ ನೀರು ಬಿದ್ದ ಕಲೆಗಿಂತ ಹಠಮಾರಿಯಾಗುವುದೂ ಅದಕ್ಕೇ. ಎಣ್ಣೆ ಆ ಬಣ್ಣವನ್ನು ಕರಗಿಸಿಕೊಂಡೇ ಗೀರಿನೊಳಗೆ ಇಳಿದಿರುತ್ತದೆ. ಸಂಜೆಯೆಲ್ಲ ನೀರು ಹಾಕಿ ಉಜ್ಜಿದರೂ ಒಂದು ಕಣ ಕದಲದಿರುವುದು ತೋಳಿನಲ್ಲಿ ಬಲ ಸಾಲದೆ ಅಲ್ಲ, ನೀರು ಅದಕ್ಕೆ ತಕ್ಕ ದ್ರಾವಕ ಅಲ್ಲದ್ದಕ್ಕೆ.

ಅಂಗಡಿಯಲ್ಲಿ ಶೇ. 70 ಮತ್ತು ಶೇ. 91 ಎರಡೂ ಸಿಗುತ್ತವೆ. ಶೇ. 91 ಬಣ್ಣವನ್ನು ಚುರುಕಾಗಿ ಕರಗಿಸುತ್ತದೆ, ಆದರೆ ಅಷ್ಟೇ ಚುರುಕಾಗಿ ಹಾರಿಹೋಗುತ್ತದೆ. ಶೇ. 70ರಲ್ಲಿ ನೀರಿನ ಪಾಲು ಹೆಚ್ಚಿರುವುದರಿಂದ ಕಲೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎಣ್ಣೆ ಜಿಡ್ಡಿನ ಹಳೇ ಕಲೆಗೆ ಶೇ. 91, ಹೊಸ ಕಲೆಗೆ ಶೇ. 70 ಸಾಕು, ಒಂದೇ ಕೊಳ್ಳುವುದಾದರೆ 91 ಕೊಂಡು, ಕಲೆಗೆ ಹಾಕಿದ ಬಳಿಕ ಬೇಗ ಹಾರಿಹೋಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಊರಿನಲ್ಲಿ ಮೆಡಿಕಲ್ ಶಾಪಿನ ಸ್ಪಿರಿಟ್ ಇದೇ ಕೆಲಸಕ್ಕೆ ಬರುತ್ತದೆ. ಆಲ್ಕೊಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರ್ ಜೆಲ್ಲೂ ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಜೆಲ್ ಇಟ್ಟಲ್ಲೇ ನಿಲ್ಲುತ್ತದೆ. ಕಪಾಟಿನ ಬಾಗಿಲಿನಂಥ ನೆಟ್ಟಗಿನ ಮೇಲ್ಮೈಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕ್ರಮ ಹೀಗೆ. ಒಲೆ ಆರಿಸಿ, ಕಾಯಿಲ್ ಒಲೆಯಾದರೆ ಪೂರ್ತಿ ತಣಿಯಲಿ, ಆಲ್ಕೊಹಾಲಿನ ಆವಿ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆಯಿರಿ. ಟೋಸ್ಟರ್ ಹಿಂದಿನ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಕಟ್ಟೆಯ ಮೇಲೆ ಎಣ್ಣೆ ಪಸೆ ಇದ್ದರೆ ಒಣ ಟಿಶ್ಯೂನಲ್ಲಿ ಮೊದಲು ಒತ್ತಿ ತೆಗೆಯಿರಿ. ಈಗ ಹತ್ತಿಯ ಉಂಡೆಯನ್ನು ಹಿಂಡಿದರೆ ತೊಟ್ಟಿಕ್ಕುವಷ್ಟು ನೆನೆಸಿ ಕಲೆಯ ಮೇಲೆ ಒತ್ತಿ ಇಡಿ. ಉಜ್ಜಬೇಡಿ. ಎರಡು ನಿಮಿಷ ಆದ ಮೇಲೆ ಹೊರ ಅಂಚಿನಿಂದ ನಡುವಿಗೆ ಒರೆಸಿ ಎತ್ತಿ. ನಡುವಿನಿಂದ ಹೊರಕ್ಕೆ ಒರೆಸಿದರೆ ಕರಗಿದ ಬಣ್ಣ ಸುತ್ತಲಿನ ಗೀರುಗಳಿಗೆ ಹರಡಿ, ರೂಪಾಯಿ ನಾಣ್ಯದಷ್ಟಿದ್ದ ಕಲೆ ತಟ್ಟೆಯಷ್ಟಾಗುತ್ತದೆ. ಹತ್ತಿಯನ್ನು ತಿರುಗಿಸಿ ನೋಡಿದರೆ ನಿಂಬೆ ಹಣ್ಣಿನ ಹಳದಿ ಹೀರಿಕೊಂಡಿರುತ್ತದೆ. ಅದನ್ನು ಎಸೆದು ಹೊಸದು ತೆಗೆದುಕೊಳ್ಳಿ. ಒಂದೇ ಹತ್ತಿಯಲ್ಲಿ ಮುಂದುವರಿದರೆ ತೆಗೆದ ಬಣ್ಣವನ್ನೇ ಮತ್ತೆ ಬಳಿದಂತೆ. ಹತ್ತಿ ಬೆಳ್ಳಗೆ ಬರುವವರೆಗೆ ಮಾಡಿ. ಸಾಮಾನ್ಯ ಕಲೆಗೆ ಮೂರು ನಾಲ್ಕು ಉಂಡೆ, ಒಟ್ಟು 30 ಮಿಲಿಲೀಟರಿಗಿಂತ ಹೆಚ್ಚು ಬೇಕಾಗುವುದಿಲ್ಲ. ತರಿತರಿ ಮೇಲ್ಮೈಯಾದರೆ ಹತ್ತಿ ಕುಳಿಗಳಿಗೆ ಇಳಿಯದು. ಹಳೆಯ ಮೃದು ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕು ಕಡೆಯಿಂದ ಮೆಲ್ಲಗೆ ತಟ್ಟಿ, ತಕ್ಷಣ ಟಿಶ್ಯೂ ಒತ್ತಿ ಹೀರಿಸಿ.

ಪಾತ್ರೆ ತೊಳೆಯುವ ಲಿಕ್ವಿಡ್. ದಿನನಿತ್ಯಕ್ಕೆ ಇದೇ ಸಾಕು, ಲ್ಯಾಮಿನೇಟ್ ತಯಾರಕರು ಹೇಳುವುದೂ ಇದನ್ನೇ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ. ಹೆಚ್ಚು ಹಾಕಿದರೆ ಒಣಗಿದ ಮೇಲೆ ಮಬ್ಬು ಪದರ ಉಳಿದು, ಅದರ ಮೇಲೆ ಹೊಸ ಜಿಡ್ಡು ಬೇಗ ಕೂರುತ್ತದೆ. ಬಟ್ಟೆ ಒದ್ದೆಯಿರಲಿ, ನೀರು ಸುರಿಯುವಷ್ಟು ಬೇಡ. ಅರಿಶಿನದ ಬಣ್ಣ ತೆಗೆಯಲು ಇದಕ್ಕೆ ಶಕ್ತಿ ಇಲ್ಲ, ಆದರೆ ಮೇಲಿನ ಎಣ್ಣೆ ತೆಗೆಯಲು ಮತ್ತು ಆಲ್ಕೊಹಾಲ್ ಬಳಿಕ ತೊಳೆಯಲು ಬೇಕೇ ಬೇಕು.

ಬೇಕಿಂಗ್ ಸೋಡ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಹೆದರುವುದು ಇಲ್ಲೇ. ಸೋಡ ಹಾಕಿದ ಕ್ಷಣ ಹಳದಿ ಕಲೆ ಕಿತ್ತಳೆಗೆಂಪಿಗೆ ತಿರುಗುತ್ತದೆ. ಬಟ್ಟೆ ಸೋಪು, ಅಮೋನಿಯ ಇರುವ ಗಾಜಿನ ಸ್ಪ್ರೇ ಹಾಕಿದರೂ ಹಾಗೇ. ಕಟ್ಟೆ ಸುಟ್ಟಿತೆಂದೋ ರಾಸಾಯನಿಕ ಏನೋ ಆಯಿತೆಂದೋ ಗಾಬರಿಯಾಗಿ ಇನ್ನೊಂದು ಬಾಟಲಿ ಸುರಿಯುತ್ತಾರೆ. ಆರತಿಗೆ ಓಕುಳಿ ಕಲಸುವುದನ್ನು ಕಂಡವರಿಗೆ ಇದು ಹೊಸದಲ್ಲ: ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ತಟ್ಟೆ ಕೆಂಪೇರುತ್ತದೆ. ಮನೆಯಲ್ಲಿ ಕುಂಕುಮ ಮಾಡುವ ಗುಟ್ಟೂ ಅದೇ. ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಕಟ್ಟೆಗೆ ಏನೂ ಆಗಿರುವುದಿಲ್ಲ, ಸಮ ಸಮ ನೀರು ಬೆರೆಸಿದ ವಿನಿಗರಿನಲ್ಲಿ ಒರೆಸಿದರೆ ಕೆಂಪು ಹಳದಿಗೆ ಮರಳುತ್ತದೆ.

ಇದನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು, ಸೋಡವನ್ನು ನಾವು ಮೆಚ್ಚುವುದೂ ಮುಖ್ಯವಾಗಿ ಇದಕ್ಕೇ. ಅರ್ಧ ಲೋಟ ನೀರಿಗೆ ಅರ್ಧ ಟೀ ಚಮಚ ಸೋಡ ಕರಗಿಸಿ, ಆಲ್ಕೊಹಾಲಿನಿಂದ ತೆಗೆದ ಜಾಗಕ್ಕೆ ಬೆರಳಲ್ಲಿ ಸವರಿ. ಕಣ್ಣಿಗೆ ಸ್ವಚ್ಛವಾಗಿ ಕಂಡ ಜಾಗದಲ್ಲೂ ಅರಿಶಿನ ಉಳಿದಿದ್ದರೆ ಕೂದಲೆಳೆಯಂಥ ಕಿತ್ತಳೆ ಗೆರೆಗಳು ಮೂಡುತ್ತವೆ. ಅವು ಚಾಕುವಿನ ಗೀರುಗಳು, ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಎಲ್ಲಿ ಇನ್ನೊಂದು ಸುತ್ತು ಬೇಕೆಂದು ಅದೇ ತೋರಿಸಿಕೊಡುತ್ತದೆ. ಕಾಫಿ, ಟೀ ಲೋಟದ ಕಂದು ಬಳೆಗಳಿಗಂತೂ ಸೋಡ ನೇರ ಪರಿಹಾರ: ಮೂರು ಚಮಚ ಸೋಡಕ್ಕೆ ಒಂದು ಚಮಚ ನೀರು, ದೋಸೆ ಹಿಟ್ಟಿಗಿಂತ ಗಟ್ಟಿ, ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಎತ್ತುವುದು. ಸೋಡ ಹರಳು ಮೆತ್ತಗಿನದು, ಆದರೂ ಹೊಳಪಿನ ಫಿನಿಶ್ ಮೇಲೆ ಒಣ ಪುಡಿ ಹಾಕಿ ಗಸಗಸ ಉಜ್ಜಬಾರದು.

ವಿನಿಗರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಗಡಸು ನೀರಿನ ಬಿಳಿ ಕಲೆಗೆ, ಕೆಂಪಾದ ಅರಿಶಿನವನ್ನು ಹಳದಿಗೆ ತರಲು ಸರಿ. ಸೋಡ ಮತ್ತು ವಿನಿಗರ್ ಒಟ್ಟಿಗೆ ಹಾಕಿ ನೊರೆ ಉಕ್ಕಿಸುವ ವಿಡಿಯೊಗಳನ್ನು ನಂಬಿ ಸಮಯ ಕಳೆಯಬೇಡಿ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಕೊನೆಗೆ ಉಳಿಯುವುದು ಉಪ್ಪುನೀರಿನಂಥ ದ್ರಾವಣ. ನೊರೆಯಲ್ಲಿ ಕಲೆ ತೆಗೆಯುವ ಗುಣ ಇಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಶೇ. 3. ನಾಲ್ಕೂವರೆ ಅಂಕ. ಆಲ್ಕೊಹಾಲ್ ಬಣ್ಣವನ್ನು ಕರಗಿಸಿ ಎತ್ತುತ್ತದೆ, ಪೆರಾಕ್ಸೈಡ್ ಬಣ್ಣದ ಅಣುವನ್ನೇ ಮುರಿಯುತ್ತದೆ. ಹಾಗಾಗಿ ಹತ್ತಿ ಮುಟ್ಟದ ಆಳದ ಗೀರಿಗೆ ಇದೇ ಗತಿ. ಎರಡು ಚಮಚ ಸೋಡಕ್ಕೆ ಒಂದು ಚಮಚದಷ್ಟು ಪೆರಾಕ್ಸೈಡ್ ಬೆರೆಸಿ ಹಿಟ್ಟು ಮಾಡಿ ಕಲೆಯ ಮೇಲೆ ಬಳಿಯಿರಿ, ದೋಸೆಯಷ್ಟು ದಪ್ಪ ಇರಲಿ. ಮೇಲೆ ಪ್ಲಾಸ್ಟಿಕ್ ಹಾಳೆ. ಕ್ಷಾರದಲ್ಲಿ ಪೆರಾಕ್ಸೈಡ್ ಇನ್ನಷ್ಟು ಚುರುಕಾಗುತ್ತದೆ, ಸೋಡ ಸೇರಿಸುವುದು ಅದಕ್ಕೆ. ಮೊದಲು ಕಲೆ ಕೆಂಪಾಗುತ್ತದೆ, ಹೆದರಬೇಡಿ. ಅರ್ಧ ಗಂಟೆ ಬಿಟ್ಟು ಒಂದು ಮೂಲೆ ಎತ್ತಿ ನೋಡಿ. ಕೆಂಪು ಮಾಸಿ ತಿಳಿ ಹುಲ್ಲಿನ ಬಣ್ಣಕ್ಕೆ ಬಂದಿದ್ದರೆ ಇನ್ನರ್ಧ ಗಂಟೆ. ಹಿಟ್ಟು ಒಣಗಿ ಬಿರಿದರೆ ಕೆಲಸ ನಿಂತಂತೆ, ತೆಗೆದು ಹೊಸದು ಬಳಿಯಬೇಕು. ಕಡು ಬಣ್ಣದ ಕಟ್ಟೆಯಾದರೆ ಮೂಲೆಯ ಪರೀಕ್ಷೆ ಇಲ್ಲದೆ ಇದನ್ನು ಮಾಡಬೇಡಿ. ಕಲಸಿದ ಹಿಟ್ಟನ್ನು ಮುಚ್ಚಳದ ಡಬ್ಬಿಯಲ್ಲಿ ಎತ್ತಿಡಲೂಬೇಡಿ, ಒಳಗೆ ಆಮ್ಲಜನಕ ಬಿಟ್ಟು ಡಬ್ಬಿ ಉಬ್ಬಿ ಸಿಡಿಯಬಹುದು.

ಕಂದು ಬಾಟಲಿಯಲ್ಲಿ ಬರುವುದಕ್ಕೂ ಕಾರಣ ಇದೆ: ಬೆಳಕು ತಾಗಿದರೆ ಪೆರಾಕ್ಸೈಡ್ ಕೊನೆಗೆ ಬರೀ ನೀರಾಗುತ್ತದೆ. ಬಚ್ಚಲಿನ ಕಪಾಟಿನಲ್ಲಿ ಎಂದೋ ತೆರೆದಿಟ್ಟ ಬಾಟಲಿ ಇನ್ನೂ ಬದುಕಿದೆಯೇ ಎಂದು ನೋಡಲು ಹಸಿ ಆಲೂಗಡ್ಡೆಯ ಒಂದು ಬಿಲ್ಲೆ ಸಾಕು. ಅದರ ಮೇಲೆ ನಾಲ್ಕು ಹನಿ ಬಿಟ್ಟಾಗ ಬಿಳಿ ನೊರೆ ಕಟ್ಟಿದರೆ ಸತ್ವ ಇದೆ. ಸುಮ್ಮನೆ ಒದ್ದೆಯಾಗಿ ಕೂತರೆ ಹೊಸ ಬಾಟಲಿ ತನ್ನಿ. ಈ ವಿಧಾನ ಕೆಲಸ ಮಾಡಲಿಲ್ಲ ಎಂಬ ದೂರು ಬಂದಾಗ ಮೊದಲು ಅನುಮಾನಿಸಬೇಕಾದ್ದು ಹಳೇ ಬಾಟಲಿಯನ್ನೇ.

ಇಷ್ಟರ ಮೇಲೂ ತಿಳಿ ಹಳದಿ ನೆರಳು ಉಳಿದಿದ್ದರೆ ಬಿಸಿಲಿಗೆ ಬಿಡಿ. ಕರ್ಕ್ಯುಮಿನ್ ಬೆಳಕಿಗೆ ನಿಲ್ಲದ ಬಣ್ಣ. ಅರಿಶಿನದ ಕಲೆಯಾದ ಪಂಚೆಯನ್ನು ಬಿಸಿಲಿಗೆ ಹರವಿದರೆ ಮಾಸುವುದು ಇದೇ ಗುಣದಿಂದ. ಕಿಟಕಿಯಿಂದ ನೇರ ಬಿಸಿಲು ಬೀಳುವ ಕಟ್ಟೆಯಾದರೆ ಜಾಗ ಖಾಲಿ ಮಾಡಿ ಎರಡು ಮೂರು ದಿನ ಸುಮ್ಮನಿದ್ದರೂ ವ್ಯತ್ಯಾಸ ಕಾಣುತ್ತದೆ. ಬಿಸಿಲು ಬಾರದ ಮೂಲೆಗೆ ಈ ಮಾತು ಸಲ್ಲದು.

ಮ್ಯಾಜಿಕ್ ಎರೇಸರ್. ಎರಡು ಅಂಕ, ಅದೂ ಮ್ಯಾಟ್ ಫಿನಿಶ್‌ಗೆ ಮಾತ್ರ. ನೋಡಲು ಮೆತ್ತಗಿನ ಬಿಳಿ ಸ್ಪಂಜು, ಒಳಗೆ ಸೋಪು ಗೀಪು ಏನೂ ಬೇಕಿಲ್ಲದೆ ಕಲೆ ತೆಗೆಯುತ್ತದೆ. ಹೇಗೆ ಎಂದರೆ ಅದು ಮೆಲಮೈನ್ ರಾಳದ ನೊರೆ, ನಿಮ್ಮ ಕಟ್ಟೆಯ ಮೇಲ್ಪದರ ಯಾವುದರಿಂದ ಆಗಿದೆಯೋ ಅದೇ ಜಾತಿ. ಗಟ್ಟಿಯಾದ ಸಣ್ಣ ಸಣ್ಣ ಎಳೆಗಳು ತೀರಾ ನಯವಾದ ಮರಳು ಕಾಗದದಂತೆ ಕೆಲಸ ಮಾಡುತ್ತವೆ. ಕಲೆ ಹೋದದ್ದು ನಿಜ, ಜೊತೆಗೆ ಹೊಳಪಿನ ಒಂದು ಪಾಲೂ ಹೋಗಿರುತ್ತದೆ. ಹೊಳೆಯುವ ಕಟ್ಟೆಯ ನಡುವೆ ಅಂಗೈಯಗಲ ಮಂಕು ಜಾಗ ಆದಮೇಲೆ ಅದನ್ನು ಮತ್ತೆ ಹೊಳೆಯಿಸುವ ದಾರಿ ಇಲ್ಲ, ಮುಂದಿನ ಕಲೆ ಬಂದು ಕೂರುವುದೂ ಆ ಮಂಕು ಜಾಗದಲ್ಲೇ. ಗೋಡೆಗೆ, ಫ್ರಿಜ್ಜಿನ ರಬ್ಬರಿಗೆ ಇಟ್ಟುಕೊಳ್ಳಿ.

ಇನ್ನು ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು, ಊರಿಂದ ತಂದ ಸಬೀನ ಪುಡಿ, ಬೂದಿ, ತೆಂಗಿನ ನಾರು: ಯಾವುದೂ ಬೇಡ. ಹಸಿರು ಸ್ಕ್ರಬ್ಬರಿನಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂಥ ಅಪಘರ್ಷಕ ಕಣಗಳಿರುತ್ತವೆ, ಅವು ಮೆಲಮೈನ್ ಪದರಕ್ಕಿಂತ ಎಷ್ಟೋ ಗಟ್ಟಿ. ಸ್ಟೀಲ್ ನಾರಿನ ಚೂರು ಸಿಂಕಿನ ಬದಿಯಲ್ಲಿ ಉಳಿದರೆ ಬೆಳಗಾಗುವುದರಲ್ಲಿ ತುಕ್ಕಿನ ಚುಕ್ಕೆಯಾಗಿ ಹೊಸ ಕಲೆ ಶುರು.

ಬ್ಲೀಚ್ ವಿಷಯದಲ್ಲಿ ಎಚ್ಚರಿಕೆಯೇ ವಿಮರ್ಶೆ. ವಿಲ್ಸನಾರ್ಟ್‌ನಂಥ ತಯಾರಕರು ಹಠಮಾರಿ ಕಲೆಗೆ ಕೊನೆಯ ಉಪಾಯವಾಗಿ ನೀರು ಬೆರೆಸದ ಬ್ಲೀಚನ್ನು ಒಪ್ಪುತ್ತಾರೆ, ಆದರೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ಕೂಡಲೇ ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಬೇಕು ಎಂಬ ಷರತ್ತಿನ ಮೇಲೆ. ರಾತ್ರಿ ಹಾಕಿ ಬೆಳಿಗ್ಗೆ ನೋಡೋಣ ಎಂದರೆ ಮುದ್ರಿಸಿದ ಹಾಳೆಯ ಬಣ್ಣವೇ ಬಿಳಚಿಕೊಳ್ಳುತ್ತದೆ. ಫೋನಿನಲ್ಲಿ ಟೈಮರ್ ಇಟ್ಟೇ ಹಾಕಿ. ಅದಕ್ಕಿಂತ ಮುಖ್ಯವಾದದ್ದು, ಮೊದಲು ಬಳಸಿದ ಯಾವುದೂ ಕಟ್ಟೆಯ ಮೇಲೆ ಉಳಿದಿರಬಾರದು. ಬ್ಲೀಚಿಗೆ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುತ್ತವೆ. ಆಲ್ಕೊಹಾಲ್ ಮತ್ತು ಅಸಿಟೋನ್ ಜೊತೆಗೂ ಅದನ್ನು ಸೇರಿಸುವಂತಿಲ್ಲ. ಚಿಕ್ಕ ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಬಾಟಲಿ ಸುರಿಯುವವರಿಗೆ ಆಗುವ ಅಪಾಯ ಇದು. ಪೆರಾಕ್ಸೈಡ್ ಇರುವಾಗ ಅರಿಶಿನಕ್ಕೆ ಬ್ಲೀಚಿನ ಅಗತ್ಯ ನಮಗೆ ಕಾಣುವುದಿಲ್ಲ. ದಾಳಿಂಬೆ, ನೇರಳೆ ಹಣ್ಣಿನ ಹಳೇ ಕಲೆಗೆ ಬೇಕಾದೀತು.

ಬಾರ್ ಕೀಪರ್ಸ್ ಫ್ರೆಂಡ್ ಪುಡಿ ಸ್ಟೀಲ್ ಪಾತ್ರೆಗೆ ಅದ್ಭುತ. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಜೊತೆಗೆ ಉಜ್ಜುವ ಖನಿಜದ ಪುಡಿ. ತುಕ್ಕಿಗೆ ಆಮ್ಲ ಒಳ್ಳೆಯದು, ಆದರೆ ಆ ಪುಡಿ ಲ್ಯಾಮಿನೇಟಿನ ಹೊಳಪಿಗೆ ಒಳ್ಳೆಯದಲ್ಲ. ಕಬ್ಬಿಣದ ಕಾವಲಿ, ಒದ್ದೆ ತಗಡಿನ ಡಬ್ಬ ಇಟ್ಟು ಬಂದ ತುಕ್ಕಿನ ಬಳೆಗೆ ಅರ್ಧ ನಿಂಬೆ ಹೋಳು ಸಾಕು: ರಸ ಹಿಂಡಿ ಎರಡು ಮೂರು ನಿಮಿಷ, ಒರೆಸಿ, ನೀರಿನ ಬಟ್ಟೆಯಲ್ಲಿ ಎರಡು ಸಲ ಎಳೆಯಿರಿ. ಟಾಯ್ಲೆಟ್ ಮತ್ತು ಡ್ರೈನ್ ಕ್ಲೀನರುಗಳನ್ನು ಮಾತ್ರ ಕಟ್ಟೆಯ ಹತ್ತಿರವೂ ತರಬೇಡಿ. ಅವುಗಳ ಬಾಟಲಿಯ ತಳ ತಾಗಿದ ಜಾಗದಲ್ಲೇ ಉಂಗುರದಂತೆ ಮೇಲ್ಪದರ ಸವೆದುಹೋಗುತ್ತದೆ.

ನೇಲ್ ಪಾಲಿಶ್ ರಿಮೂವರ್ ಅಂದರೆ ಹೆಚ್ಚಾಗಿ ಅಸಿಟೋನ್. ಗಟ್ಟಿಯಾದ ಮೆಲಮೈನಿಗೆ ಅದರಿಂದ ಎರಡು ನಿಮಿಷದಲ್ಲಿ ಏನೂ ಆಗದು, ಪರ್ಮನೆಂಟ್ ಮಾರ್ಕರ್, ಚೀಲದ ಮೇಲಿನ ಮುದ್ರಣದ ಶಾಯಿ, ನೇಲ್ ಪಾಲಿಶ್ ಇವಕ್ಕೆಲ್ಲ ಆಲ್ಕೊಹಾಲಿಗಿಂತ ಬಿರುಸು. ಆದರೆ ಕಟ್ಟೆಯ ಅಂಚಿಗೆ ಅಂಟಿಸಿದ ಪಟ್ಟಿ ಪಿವಿಸಿಯದಾಗಿದ್ದರೆ ಅದು ಮೆತ್ತಗಾಗಿ ಅಂಟಂಟಾಗುತ್ತದೆ, ಕೆಳಗಿನ ಕಪಾಟಿನ ಬಣ್ಣ ಸುಲಿಯುತ್ತದೆ. ಬಾಟಲಿಯಿಂದ ನೇರ ಸುರಿಯದೆ ಹತ್ತಿಯಲ್ಲೇ ಬಳಸಿ. ಊರಿನ ಸನ್‌ಮೈಕಾ ಮೇಜುಗಳ ಅಂಚೂ ಹೆಚ್ಚಾಗಿ ಪಿವಿಸಿ, ಅಲ್ಲೂ ಅದೇ ಎಚ್ಚರ.

ಸಸ್ಯದ ಕರೆಗಳ ವಿಷಯ ಬೇರೆ. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ತಳ್ಳಿ, ಕೊನೆಗೆ ಸೋಪು. ಅಂಗಡಿ ಸ್ಟಿಕ್ಕರಿನ ಅಂಟಿಗೂ ಇದೇ ಕ್ರಮ. ಬಾಳೆಕಾಯಿ, ಬಾಳೆದಿಂಡಿನ ಕರೆ ಹಸಿಯಿದ್ದಾಗ ಬಣ್ಣವೇ ಇಲ್ಲದೆ ಮೋಸ ಮಾಡುತ್ತದೆ, ಗಾಳಿಗೆ ನಿಂತಷ್ಟೂ ಕಂದುಗಪ್ಪಾಗುತ್ತದೆ. ಹೆಚ್ಚಿದ ಕೂಡಲೇ ಒರೆಸಿದರೆ ನೀರಲ್ಲೇ ಹೋದೀತು, ಮರುದಿನಕ್ಕೆ ಪೆರಾಕ್ಸೈಡ್ ಹಿಟ್ಟೇ ಬೇಕು. ಬೀಟ್‌ರೂಟ್ ಕಂಡಷ್ಟು ಭಯಂಕರ ಅಲ್ಲ, ಅದರ ಬಣ್ಣ ನೀರಲ್ಲಿ ಕರಗುವಂಥದ್ದು.

ಕಟ್ಟೆ ಮತ್ತು ಗೋಡೆ ಸೇರುವಲ್ಲಿ ಬಳಿದಿರುವ ಬಿಳಿ ಸಿಲಿಕೋನ್ ಗೆರೆ ಹಳದಿಯಾಗಿದ್ದರೆ ಅದಕ್ಕೆ ಬೇರೆ ಲೆಕ್ಕ. ಸಿಲಿಕೋನ್ ಎಣ್ಣೆಯ ಜೊತೆ ಅರಿಶಿನವನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಆಲ್ಕೊಹಾಲ್ ಮೇಲ್ಮೇಲಿನದನ್ನಷ್ಟೇ ತೆಗೆಯುತ್ತದೆ. ಪೆರಾಕ್ಸೈಡಿನಲ್ಲಿ ನೆನೆಸಿದ ಟಿಶ್ಯೂವನ್ನು ಬತ್ತಿಯಂತೆ ಹೊಸೆದು ಗೆರೆಯುದ್ದಕ್ಕೂ ಒಂದು ಗಂಟೆ ಇಟ್ಟು ನೋಡಿ. ಎರಡು ಸಲಕ್ಕೂ ಮಾಸದಿದ್ದರೆ ಕತ್ತರಿಸಿ ತೆಗೆದು ಹೊಸ ಸಿಲಿಕೋನ್ ಬಳಿಸುವುದೇ ಸರಿ. ಬಾಡಿಗೆ ಮನೆಯಾದರೆ ಮೇಂಟೆನೆನ್ಸ್‌ನವರಿಗೆ ಮೊದಲು ಹೇಳಿ.

ಆ ಗೆರೆ ಗಟ್ಟಿಯಾಗಿರುವುದು ಕಲೆಗಿಂತ ದೊಡ್ಡ ವಿಷಯ. ಜೋಡಣೆಯ ಸಂದಿನಿಂದ, ಸಿಂಕಿನ ಅಂಚಿನಿಂದ ನೀರು ಒಳಗಿಳಿದರೆ ಕೆಳಗಿನ ಪಾರ್ಟಿಕಲ್ ಬೋರ್ಡ್ ಅವಲಕ್ಕಿಯಂತೆ ಉಬ್ಬುತ್ತದೆ, ಒಣಗಿದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ಸಂದಿನ ಮೇಲೆ ಬೆರಳು ಆಡಿಸಿದರೆ ಏಣು ತಗುಲುತ್ತದೆ. ಹಾಗಾಗಿ ಇಲ್ಲಿ ಹೇಳಿದ ಯಾವ ಒದ್ದೆ ಕೆಲಸವನ್ನೂ ಸಂದಿನ ಹತ್ತಿರ ಮಾಡುವಾಗ ಬಟ್ಟೆಯನ್ನು ಚೆನ್ನಾಗಿ ಹಿಂಡಿಕೊಳ್ಳಿ, ಮುಗಿದ ತಕ್ಷಣ ಒಣ ಬಟ್ಟೆ ಎಳೆಯಿರಿ. ಬಿಸಿ ಕುಕ್ಕರ್ ಇಟ್ಟು ಬಂದ ಬಿಳಿ ಅಥವಾ ಕಂದು ವೃತ್ತ, ಕೈಗೆ ಸಿಗುವ ಗುಳ್ಳೆ ಇವೂ ಕಲೆಗಳಲ್ಲ. ರಾಳ ಸುಟ್ಟಿದೆ, ಇಲ್ಲವೇ ಅಂಟು ಬಿಟ್ಟಿದೆ. ಕರಿಯುವ ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಆ ಬಾಣಲೆಯನ್ನು ನೇರ ಕಟ್ಟೆಗೆ ಇಳಿಸಿದರೆ ಲ್ಯಾಮಿನೇಟ್ ತಾಳದು. ಅದನ್ನು ಉಜ್ಜುತ್ತ ಹೋದರೆ ಸುತ್ತಲಿನ ಒಳ್ಳೆಯ ಜಾಗವೂ ಹೋಗುತ್ತದೆ, ಹಾಗೇ ಬಿಟ್ಟು ಮನೆ ಮಾಲೀಕರಿಗೆ ತಿಳಿಸುವುದು ವಾಸಿ.

ಹೊಸ ಮನೆಗೆ ಹೋಗುವಾಗ ಕೊಳ್ಳುವುದು ಇಷ್ಟೇ: ಶೇ. 91ರ ಆಲ್ಕೊಹಾಲ್ ಒಂದು, ಪೆರಾಕ್ಸೈಡ್ ಒಂದು, ಸೋಡ ಒಂದು ಪೊಟ್ಟಣ, ಹತ್ತಿ, ಒಂದು ಮೃದು ಬ್ರಷ್. ಜೊತೆಗೆ ಒಲೆಯ ಪಕ್ಕ ಸೌಟು ಇಡಲು ಒಂದು ಸ್ಟೀಲ್ ತಟ್ಟೆ.